ಅಂಗೈ ಪರೀಕ್ಷೆ

ಸ್ಟಮಾಟಿಸ್ ಹುಡುಗನ ಕೈ ಹಿಡಿದವನು ಬಿಡಲಿಲ್ಲ. ಹೆಬ್ಬೆರಳಿನಿಂದ ಅಂಗೈ ಒತ್ತಿದ. ಮೆತ್ತಗಿತ್ತು. ಒತ್ತುತ್ತಲೇ ಹುಡುಗನ ತಾಯಿಯ ಮುಖ ನೋಡಿದ.

"ಏನ್ ಬೀಗರೇ, ಅಳಿಯನ್ನ ನೋಡ್ತಿದ್ದೀರೋ, ಕತ್ತೆ ಕೊಳ್ತಿದ್ದೀರೋ?" ತಾಯಿ ಕಲಿರೋಯಿ ನಕ್ಕಳು. "ಹಲ್ಲೂ ಎಣಿಸಿಬಿಡಿ."

ತಾಯಿ, ಮಗ ಬೆಳಗಿನ ಹಡಗಿನಲ್ಲಿ ಸೀರೋಸ್ ದ್ವೀಪದಿಂದ ನಾಕ್ಸೋಸಿಗೆ ಬಂದು, ಬಸ್ಸು ಹಿಡಿದು ಈ ಬೆಟ್ಟದ ಊರು ಸೇರಿದ್ದರು. ಹುಡುಗ ಅರ್ಗಿರಿಸ್ ಬಂದರು ಕಚೇರಿಯಲ್ಲಿ ಗುಮಾಸ್ತ.

ಸ್ಟಮಾಟಿಸ್ ನಗಲಿಲ್ಲ. ಎರಡು ವರ್ಷದ ಹಿಂದೆ ಅವನ ಮಗ ನಿಕಿತಾಸ್ ಸಾಣೆಕಲ್ಲಿನ ಗಣಿಯಲ್ಲಿ ಬುತ್ತಿ ಬಿಚ್ಚುತ್ತಿದ್ದವನು ಹಾಗೇ ಕುಸಿದು ಸತ್ತಿದ್ದ. ಹೃದಯದ ಸ್ನಾಯು ಕೆಟ್ಟಿತ್ತು, ಇದು ರಕ್ತದಲ್ಲಿ ಬರುವ ಕಾಯಿಲೆ ಎಂದರು ಅಥೆನ್ಸಿನ ಡಾಕ್ಟರು. ಉಣ್ಣೆಯಂಥ ಗುಂಗುರು ಕೂದಲು, ದಪ್ಪಗಟ್ಟಿದ ಅಂಗೈ ಕಂಡರೆ ಮೊದಲು ಇಸಿಜಿ ತೆಗೆಸಿ ಎಂದರು. ಗಣಿಯ ಊರಿನಲ್ಲಿ ಯಾರ ಅಂಗೈ ದಪ್ಪವಿಲ್ಲ? ಮಗ ಹೋಗುವವರೆಗೆ ಒಬ್ಬರಿಗೂ ಅನುಮಾನ ಬಂದಿರಲಿಲ್ಲ.

ಉಳಿದವಳು ಮಗಳು ಮರೂಸೋ ಒಬ್ಬಳೇ. ಇದೇ ದ್ವೀಪದ ಎರಡು ಸಂಬಂಧ ಮುರಿದುಬಿದ್ದಿದ್ದವು. ಕಡಲಾಚೆಯ ಈ ಸಂಬಂಧ ಮೂರನೆಯದು. ಈ ಸಲ ಸ್ಟಮಾಟಿಸ್ ತಪ್ಪು ಮಾಡುವಂತಿರಲಿಲ್ಲ.

"ನಿಂಗೆ ಇಸಿಜಿ ತೆಗೆದಿದ್ದಾರಾ?"

"ಕಡ್ಡಾಯ ಸೇವೆಗೆ ನೌಕಾಪಡೆ ಸೇರೋವಾಗ ತೆಗೆದ್ರು ಮಾವ. ಏನೂ ತೊಂದ್ರೆ ಇಲ್ಲ ಅಂದ್ರು."

"ಮನೇಲಿ ಯಾರಾದ್ರೂ ಇದ್ದಕ್ಕಿದ್ದಂಗೆ ಹೋಗಿದ್ದಾರಾ? ಹೃದಯ ನಿಂತು?"

"ನಮ್ಮೋರೆಲ್ಲಾ ತೊಂಬತ್ತು ದಾಟೋರೇ," ಕಲಿರೋಯಿ ಅಂದಳು. "ನಮ್ಮತ್ತೆ ನನ್ನನ್ನೂ ಕಳಿಸಿಯೇ ಹೋಗೋದು. ನಿಮ್ಮ ಮಗ ಪಾಪ, ಗಣಿ ಕುಸಿದು ಹೋದ್ನಂತೆ?"

"ಗಣೀಲೇ ಹೋದ."

ಅರ್ಗಿರಿಸ್ ತನ್ನ ಕೈ ತಿರುಗಿಸಿ ನೋಡಿಕೊಂಡ. "ಹೃದಯ ಕೇಳ್ತೀರಿ, ಅಂಗೈ ಒತ್ತುತ್ತೀರಿ. ಅದಕ್ಕೂ ಇದಕ್ಕೂ ಏನ್ ಮಾವ ಸಂಬಂಧ?"

ಸ್ಟಮಾಟಿಸ್ ಮತ್ತೆ ತಾಯಿಯ ಕಡೆ ತಿರುಗಿದ. ಅವಳೂ ಉತ್ತರಕ್ಕೇ ಕಾಯುತ್ತಿದ್ದಳು.

"ಏನೂ ಇಲ್ಲಪ್ಪ. ದುಡಿಯೋ ಕೈಯಾ ಅಂತ ನೋಡ್ದೆ." ಅವರು ಬಂದಾಗಿನಿಂದ ಮೊದಲ ಸಲ ಅವನು ಕುರ್ಚಿಗೆ ಒರಗಿದ. "ನಂಗೆ ಒಪ್ಪಿಗೆ."

"ಹಾಗಾದ್ರೆ ಹುಡುಗೀನ ಕರೀರಿ. ಫೋಟೋದಲ್ಲಿ ತಲೆಗೆ ವಸ್ತ್ರ ಸುತ್ಕೊಂಡು ಸನ್ಯಾಸಿನಿ ಥರ ಇದ್ಳು."

ಅಡುಗೆಮನೆಯಲ್ಲಿ ಮರೂಸೋ ಸಿಹಿಯ ತಟ್ಟೆಯ ಮುಂದೆ ನಿಂತೇ ಇದ್ದಳು. ಸ್ಟಮಾಟಿಸ್ ಒಳಬಂದು ಬಾಗಿಲು ಮುಂದೆ ಮಾಡಿದ.

"ಧೈರ್ಯವಾಗಿ ಹೋಗಿ ಕೈ ಕೊಡು ಮಗಳೇ," ಪಿಸುಗುಟ್ಟಿದ. "ಇವರಿಗೆ ಆ ಗುರುತು ಗೊತ್ತಿಲ್ಲ, ಯಾಕಿಷ್ಟು ದಪ್ಪ ಅಂದ್ರೆ ಕಲ್ಲು ಹೊತ್ತಿದ್ದು ಅನ್ನು, ನಿನ್ನ ಇಸಿಜಿ ಮಾತು ಮಾತ್ರ ಎತ್ತಬೇಡ."