ಬೈಗುಳ

"ತಮಾಷೆ ಸಾಕು ನುಮಾನ್, ಬಾಗಿಲು ತೆಗಿ!"

ತೂಮಾ ಗುದ್ದಲಿಯ ಕಾವಿನಿಂದ ಅಂತಿಯೋಕ್ಯದ ಕೋಟೆಬಾಗಿಲನ್ನು ಕುಟ್ಟಿದ. ಬೆಳಗಿನಿಂದ ಕಂದಕ ಅಗೆದು ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅವನ ಹಿಂದೆ ಊರಿನ ಕ್ರೈಸ್ತ ಗಂಡಸರೆಲ್ಲ ಮೈಯೆಲ್ಲ ಮಣ್ಣಾಗಿ ನಿಂತಿದ್ದರು.

ಕಾವಲಿಗಿದ್ದ ನುಮಾನ್ ಗೋಡೆಯ ಮೇಲಿನಿಂದ ಬಗ್ಗಿ ನೋಡಿದ. ಹುಟ್ಟಿದಾಗಿನಿಂದ ತೂಮಾನ ಪಕ್ಕದ ಮನೆಯವನು. "ತಮಾಷೆ ಅಲ್ಲ ಕಣೋ. ಪಶ್ಚಿಮದಿಂದ ಫ್ರಾಂಕರ ಕ್ರೈಸ್ತ ದಂಡು ಹತ್ರ ಬಂದಿದೆ. ಶಿಲುಬೆಯವರನ್ನ ಒಳಗೆ ಬಿಡಬೇಡಿ ಅಂತ ಅಪ್ಪಣೆಯಾಗಿದೆ."

"ನಿನ್ನೆ ನೀವು ಮುಸಲ್ಮಾನರು ಅಗೆದ್ರಿ, ಸಂಜೆ ಮನೆಗೆ ಹೋದ್ರಿ. ನಮ್ಮ ಸರದಿ ಬಂದಾಗ ಅಪ್ಪಣೆನಾ? ಲೋ, ಮನೇಲಿ ನನ್ನ ಹೆಲಾನಿಗೆ ದಿನ ತುಂಬಿದೆ!"

"ನನಗೆ ಗೊತ್ತಿಲ್ವೇನೋ? ನನ್ನ ಹೆಂಡ್ತಿ ಅತ್ತಿಗೆ ಹತ್ರಾನೇ ಕೂತಿದಾಳೆ. ಹೋಗು ಮಾರಾಯ, ದೂರ ಹೋಗು. ನನ್ನ ಕೈಗೆ ಬಿಲ್ಲು ಕೊಡೋ ಮುಂಚೆ ಹೋಗು."

ತೂಮಾ ದೂರ ಹೋಗಲಿಲ್ಲ. ಒಂದು ಕಡೆ ನಿಲ್ಲಲೂ ಇಲ್ಲ. ಆಲಿವ್ ತೋಪುಗಳಲ್ಲಿ ಅಲೆಯುತ್ತಿದ್ದವನು, ಫ್ರಾಂಕರು ಬಂದು ಡೇರೆ ಹೊಡೆದಾಗ ಅವರ ಕೈಗೆ ಸಿಕ್ಕಿಬಿದ್ದ. ಗಡ್ಡ, ಅಂಗಿ, ಆಡುವ ಅರಬ್ಬಿ ಮಾತು, ಎಲ್ಲವೂ ಶತ್ರುವಿನದೇ; ಕೊರಳಲ್ಲಿದ್ದ ಶಿಲುಬೆ ಅವನ ತಲೆ ಉಳಿಸಿತು. ನೀರು ಹೊರುವುದಕ್ಕೆ ಹಾಕಿಕೊಂಡರು. ಆದರೂ ಅವನೊಡನೆ ಹರಕು ಮುರುಕು ಗ್ರೀಕಿನಲ್ಲಿ ಮಾತಾಡುತ್ತಿದ್ದ ಗೋಬೇರ್ ಎಂಬ ಸೈನಿಕ ಅವನ ಮೇಲೆ ಒಂದು ಕಣ್ಣಿಟ್ಟೇ ಇದ್ದ. ಗೂಢಚಾರನೆಂದು ಒಬ್ಬನನ್ನು ಆಗಲೇ ಮರಕ್ಕೆ ನೇತುಹಾಕಿಯಾಗಿತ್ತು. ತೂಮಾ ಮಾತ್ರ ನೀರಿನ ನೆಪದಲ್ಲಿ ಮತ್ತೆ ಮತ್ತೆ ಗೋಡೆಯ ಕಡೆಗೇ ಸುಳಿಯುತ್ತಿದ್ದ.

ಒಂದು ಬೆಳಗ್ಗೆ ಎರಡೂ ಕಡೆಯವರು ಎಂದಿನಂತೆ ಬೈದಾಡಿಕೊಳ್ಳುತ್ತಿದ್ದಾಗ ಆ ಗದ್ದಲದೊಳಗಿಂದ ಅರಬ್ಬಿಯಲ್ಲಿ ನುಮಾನನ ದನಿ ಕೇಳಿಸಿತು.

"ಹೆಣ್ಣು ಕಣೋ! ಹೆಣ್ಣು ಮಗು! ಇಬ್ರೂ ಚೆನ್ನಾಗಿದಾರೆ! ಏನು ಹೆಸರಿಡೋದು ಅಂತ ಅತ್ತಿಗೆ ಕೇಳ್ತಿದಾಳೆ!"

ತೂಮಾ ಗೋಡೆಯ ಕಡೆಗೆ ಎರಡು ಹೆಜ್ಜೆ ಓಡಿದ. ಅಷ್ಟರಲ್ಲಿ ಗೋಬೇರನ ಕೈ ಅವನ ಕತ್ತಿನ ಪಟ್ಟಿ ಹಿಡಿಯಿತು. "ಏನಂತೆ ಅವನದು? ನಿನ್ನನ್ನೇ ನೋಡ್ತಿದಾನಲ್ಲ?"

"ಬೈತಿದಾನೆ... ನನ್ನ ತಾಯೀನ ಹಿಡಿದು ಬೈತಿದಾನೆ."

"ಸುಮ್ನೆ ಕೇಳಿಸ್ಕೊಂಡು ನಿಂತಿದೀಯಾ? ಗಂಡಸಲ್ವಾ ನೀನು? ವಾಪಸ್ ಬೈಯಿ. ನಾನೂ ಕೇಳ್ಬೇಕು."

ತೂಮಾ ನೀರಿನ ಚೀಲ ಕೆಳಗಿಟ್ಟ. ಮುಷ್ಟಿ ಎತ್ತಿದ. ಕೊರಳ ನರ ಉಬ್ಬಿಬರುವಂತೆ, ತೀರಿಹೋದ ತನ್ನ ತಾಯಿಯ ಹೆಸರನ್ನು ಗೋಡೆಯತ್ತ ಕಿರುಚಿದ: "ಶಮೂನೀ!"

ಗೋಬೇರ್ ಗಹಗಹಿಸಿ ನಕ್ಕ. ಆ ಬೈಗುಳ ಅವನಿಗೆ ಬಹಳ ಹಿಡಿಸಿತು. ಅವನೂ ಕೂಗಿದ, ಪಕ್ಕದವರೂ ಕೂಗಿದರು. ನುಮಾನ್ ಗೋಡೆಯಿಂದಿಳಿದು ಓಡಿದ ಮೇಲೂ, ಕಂದಕದ ಉದ್ದಕ್ಕೂ ನಿಂತ ಸೈನಿಕರು ಮುಷ್ಟಿ ಆಡಿಸುತ್ತ, ಉಗುಳುತ್ತ, ಊರಿನತ್ತ ಅರಚುತ್ತಲೇ ಇದ್ದರು: "ಶಮೂನೀ! ಶಮೂನೀ!"