ಉಳಿದ ಅರ್ಧ ಟಾರ್ಟ್

ಮಾರ್ಲೂಸ್ ತನ್ನ ಹುಟ್ಟುಹಬ್ಬದ ಚೀಟಿಯನ್ನು ಅಡುಗೆಕೋಣೆಯ ಬಾಗಿಲಿಗೆ ಅಂಟಿಸುವುದನ್ನು ಮರೆತು, ಮೇಜಿನ ಎಡಗಡೆಯ ತಂತಿ ಬುಟ್ಟಿಯಲ್ಲಿ ಬಿಟ್ಟು ಊಟಕ್ಕೆ ಹೋದಳು. ಆ ಬುಟ್ಟಿಗೆ ಬಿದ್ದ ಕಾಗದಕ್ಕೆಲ್ಲ ಸಂಖ್ಯೆ ಬೀಳುತ್ತದೆ. ಸಂಖ್ಯೆ ಬಿದ್ದದ್ದೆಲ್ಲ ಆರು ಭಾಷೆಗಳಿಗೆ ಅನುವಾದವಾಗಿ ಹೋಗುತ್ತದೆ. ಮರುದಿನ ಬೆಳಿಗ್ಗೆ ಅವಳು ಸೈಕಲ್ಲಿಗೆ ಬೀಗ ಹಾಕಿ ಒಳಗೆ ಬರುವಷ್ಟರಲ್ಲಿ, ರಾಸಾಯನಿಕ ಅಸ್ತ್ರಗಳನ್ನು ಇಲ್ಲವಾಗಿಸಲೆಂದೇ ಹೇಗ್ ನಗರದಲ್ಲಿ ಕೂತಿದ್ದ ಆ ಸಂಸ್ಥೆಯ ಅಧಿಕೃತ ದಾಖಲೆಯಾಗಿ ಅವಳ ಚೀಟಿ ಎಲ್ಲ ಸದಸ್ಯ ದೇಶಗಳ ಕೈ ಸೇರಿತ್ತು: "ಮೂರನೇ ಮಹಡಿಯ ಫ್ರಿಜ್ಜಿನಲ್ಲಿ ಆಪಲ್ ಟಾರ್ಟ್ ಇದೆ. ನಾಲ್ಕು ಗಂಟೆಯೊಳಗೆ ಎಲ್ಲರೂ ಸೇರಿ ಮುಗಿಸಿಬಿಡಿ. ಉಳಿದರೆ ನನ್ನನ್ನು ಕೇಳಬೇಡಿ."

ದಾಖಲೆಗಳ ಸೂಚಿ ತಯಾರಿಸುವ ಅವಳ ಕೆಲಸದ ಕರಾರು ತಿಂಗಳ ಕೊನೆಗೆ ಮುಗಿಯುವುದಿತ್ತು. ಮುಂದುವರಿಸುವುದೋ ಬಿಡುವುದೋ ವಿಭಾಗದ ಮುಖ್ಯಸ್ಥ ಸೀಟ್ಸೆಯ ಸಹಿಯಲ್ಲಿತ್ತು. ಬೇರೆಯವರು ಹೇಳುವ ಮೊದಲು ತಾನೇ ಹೇಳಿಬಿಡುವುದು ಮೇಲೆಂದು ಅವಳು ನೇರ ಅವನ ಕೋಣೆಗೆ ಹೋಗಿ, ತಪ್ಪು ತನ್ನದೇ, ಕಾಗದವನ್ನು ಹಿಂದಕ್ಕೆ ತರಿಸೋಣ ಎಂದಳು.

"ಸಂಖ್ಯೆ ಬಿದ್ದ ಕಾಗದ ಹಿಂದಕ್ಕೆ ಬಂದದ್ದನ್ನ ಈ ಕಟ್ಟಡದಲ್ಲಿ ಯಾವತ್ತಾದ್ರೂ ನೋಡಿದೀಯಾ ಮಾರಾಯ್ತಿ?" ಎಂದ ಸೀಟ್ಸೆ. ಹಿಂದಿನ ದಿನ ಎಲ್ಲರ ಕಣ್ಣು ತಪ್ಪಿಸಿ ಎರಡನೇ ತುಂಡು ತಿಂದವನು ಅವನೇ. "ತಿದ್ದುಪಡಿ ಹೊರಡಿಸಬಹುದು. ಅದಕ್ಕೂ ಒಂದು ಸಂಖ್ಯೆ, ಅದಕ್ಕೂ ಆರು ಭಾಷೆ. ಅದಿರ್ಲಿ, ಇದನ್ನ ಯಾವ ವಿಷಯದ ಕೆಳಗೆ ಸೇರಿಸ್ತೀಯ? ಸಂಜೆಯೊಳಗೆ ಸೇರಿಸದಿದ್ರೆ ನಿನ್ನ ಹೆಸರು ಮೇಲಿನವರಿಗೆ ಹೋಗುತ್ತೆ."

ಅವರ ಸೂಚಿಯಲ್ಲಿ ತಿಂಡಿಗೆ ಜಾಗವಿರಲಿಲ್ಲ, ಹುಟ್ಟುಹಬ್ಬಕ್ಕೂ ಇರಲಿಲ್ಲ. ವಿಷವಸ್ತು, ದಾಸ್ತಾನು, ತಪಾಸಣೆ, ನಾಶ ಇವಿಷ್ಟೇ ಇದ್ದವು. ವಿಷವಸ್ತು ಎಂದರೆ ತಾಯಿ ಕಲಿಸಿದ ಟಾರ್ಟಿಗೆ ಅವಮಾನ. ಮಾರ್ಲೂಸ್ ಬಹಳ ಹೊತ್ತು ಯೋಚಿಸಿ, ಎಲ್ಲಕ್ಕಿಂತ ನಿರಪಾಯವೆನಿಸಿದ 'ನಾಶ'ದ ಕೆಳಗೆ ಚೀಟಿಯನ್ನು ಸೇರಿಸಿದಳು.

ನಾಶದ ಕೆಳಗೆ ಸೇರಿದ ಪ್ರತಿ ಕಾಗದದ ಹಿಂದೆ ಒಬ್ಬ ತಪಾಸಣಾಧಿಕಾರಿ ಬರಲೇಬೇಕೆಂಬುದು ಅವಳಿಗೆ ನೆನಪಾದದ್ದು, ದೂಶಾನ್ ಕೈಗವಸು ತೊಟ್ಟು, ಸೀಲು ತಂತಿ ಹಿಡಿದು ಅಡುಗೆಕೋಣೆಗೆ ಬಂದಾಗ. ಅವನು ಫ್ರಿಜ್ಜು ತೆಗೆದು ನೋಡಿದ. ಅರ್ಧ ಟಾರ್ಟ್ ಮಾತ್ರ ಇತ್ತು.

"ಇನ್ನರ್ಧ ಯಾರ ಸಮ್ಮುಖದಲ್ಲಿ ನಾಶವಾಯ್ತು ಮೇಡಂ?"

ತಿಂದೆವು ಎಂದಳು ಮಾರ್ಲೂಸ್. ಅವನು ಅದನ್ನು 'ಮೇಲ್ವಿಚಾರಣೆಯಿಲ್ಲದೆ' ಎಂದು ಬರೆದುಕೊಂಡು ಫ್ರಿಜ್ಜಿಗೆ ಸೀಲು ಹಾಕಿದ. ಸೀಟ್ಸೆ ಓಡಿಬಂದು, ಒಳಗೆ ತನ್ನ ಊಟದ ಮಜ್ಜಿಗೆ ಇದೆ ಎಂದ.

"ಮಜ್ಜಿಗೆ ಇದೆ ಅಂತ ನೀವು ಘೋಷಿಸಿಲ್ಲ," ಎಂದ ದೂಶಾನ್ ದನಿ ತಗ್ಗಿಸಿ. "ಈಗ ಬಾಯಿ ಬಿಡದೇ ಇದ್ರೇನೆ ಕ್ಷೇಮ ಸಾರ್."

ಗುರುವಾರ ಸದಸ್ಯ ದೇಶಗಳ ಮಂಡಳಿಯ ಸಭೆ ಕೂಡಿತು. ಕಾರ್ಯಸೂಚಿಯಲ್ಲಿ ಮೊದಲಿಗಿದ್ದದ್ದು ವಿಷಾನಿಲ ಬಿದ್ದ ಒಂದು ಬೆಟ್ಟದೂರಿನ ದೂರು. ಅದನ್ನೂ ಮಾರ್ಲೂಸಳೇ ಸೂಚಿಗೆ ಸೇರಿಸಿದ್ದಳು. ಸಾಕ್ಷಿ ಹೇಳಲು ಆ ಊರಿನ ಶಾಲೆಯಿಂದ ಬಂದಿದ್ದ ಬೆರಿವಾನ್ ಟೀಚರ್, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಕೆಮ್ಮನ್ನು ಕರ್ಚೀಫಿನಲ್ಲಿ ಅದುಮುತ್ತ ಬೆಳಿಗ್ಗೆಯಿಂದ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಮಾರ್ಲೂಸ್ ಅವರಿಗೆ ಕಾಫಿ, ಜೊತೆಗೊಂದು ಬಿಸ್ಕತ್ತು ತಂದುಕೊಟ್ಟಳು. ಇನ್ನೇನು ಕರೆಯುತ್ತಾರೆ ಎಂದೂ ಹೇಳಿದಳು.

ಕರೆಯಲಿಲ್ಲ. ಒಳಗೆ ಒಂದು ದೇಶ ಟಾರ್ಟಿನ ಪ್ರಶ್ನೆ ಎತ್ತಿತ್ತು. ಇನ್ನೊಂದು ದೇಶ, ಅರ್ಧ ದಾಸ್ತಾನು ಯಾರ ಕಣ್ಣಿಗೂ ಬೀಳದೆ ಕರಗಿದ್ದು ಹೇಗೆಂದು ಕೇಳಿತು. ಬೆಟ್ಟದೂರಿನ ಮಾತು ಬಂದಾಗಲೆಲ್ಲ ಮೇಜಿನ ಮರವನ್ನೇ ನೋಡುತ್ತ ಕೂರುತ್ತಿದ್ದವರೂ ಅವತ್ತು ಮೈಕು ಬಿಟ್ಟುಕೊಡಲಿಲ್ಲ. ಕೊನೆಗೆ, ಉಳಿದ ಅರ್ಧವನ್ನು ಸಭೆಯ ಕಣ್ಣೆದುರೇ ನಾಶಮಾಡಬೇಕೆಂದು ಒಮ್ಮತದ ನಿರ್ಣಯವಾಯಿತು. ಒಮ್ಮತವೆಂಬುದನ್ನು ಆ ಸಭಾಂಗಣ ಕಂಡು ಎಷ್ಟೋ ಕಾಲವಾಗಿತ್ತು. ಕೆಲವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಹೊತ್ತು ಮೀರಿದ್ದರಿಂದ ದೂರಿನ ವಿಚಾರಣೆಯನ್ನು ಮುಂದಿನ ಅಧಿವೇಶನಕ್ಕೆ ಹಾಕಿದರು.

ಅದನ್ನು ಟೀಚರಿಗೆ ಯಾವ ಮಾತಿನಲ್ಲಿ ಹೇಳುವುದೆಂದು ಮಾರ್ಲೂಸ್ ತಡವರಿಸುತ್ತ ಬೆಂಚಿನ ಪಕ್ಕ ನಿಂತಿದ್ದಾಗ ಸೀಟ್ಸೆ ನಗುತ್ತ ಬಂದು ಅವಳ ಕೈಗೆ ಕರಾರುಪತ್ರ ಕೊಟ್ಟ. ಸಹಿ ಬಿದ್ದಿತ್ತು.

"ನೀನು ಉಳ್ಕೊಂಡೆ ಕಣೇ. ಟಾರ್ಟಿನ ಕಾಗದಗಳೇ ಒಂದು ಕಪಾಟು ತುಂಬೋ ಹಾಗಿವೆ, ನೋಡ್ಕೊಳ್ಳೋಕೆ ಒಬ್ಬರು ಬೇಕೇ ಬೇಕು. ಅಭಿನಂದನೆ." ಒಬ್ಬರಿಗೆ ಒಳ್ಳೆಯದಾದರೆ ಪಕ್ಕದಲ್ಲಿದ್ದವರ ಕೈಯನ್ನೂ ಕುಲುಕುವುದು ಹೇಗ್ ಕಡೆಯವರ ಪದ್ಧತಿ. ಸೀಟ್ಸೆ ಬಾಗಿ ಟೀಚರ ಕೈಯನ್ನೂ ಕುಲುಕಿದ. "ನಿಮಗೂ ಅಭಿನಂದನೆ."

ಟೀಚರ್ ತಮ್ಮ ಕೈಯನ್ನೇ ನೋಡಿಕೊಂಡರು.

ಆಗ ಸಭಾಂಗಣದ ಬಾಗಿಲು ತೆರೆಯಿತು. ಉಳಿದರ್ಧ ಟಾರ್ಟಿದ್ದ, ಸೀಲು ಹಾಕಿದ ಚೀಲವನ್ನು ಎರಡೂ ಕೈಗಳಲ್ಲಿ ಹಿಡಿದು ದೂಶಾನ್ ಮುಂದೆ ಬಂದ. ಅವನ ಹಿಂದೆ ಎಲ್ಲ ದೇಶಗಳ ರಾಯಭಾರಿಗಳು ಸಾಲಾಗಿ, ಮಾತಿಲ್ಲದೆ, ನೆಲ ನೋಡುತ್ತ ನಡೆದರು. ಬೆರಿವಾನ್ ಟೀಚರ್ ಬ್ಯಾಗನ್ನು ಬೆಂಚಿನ ಮೇಲಿಟ್ಟು ಎದ್ದು ನಿಂತರು. ಸಾಲು ಪೂರ್ತಿ ದಾಟಿಹೋಗುವ ತನಕ ತಲೆ ಬಾಗಿಸಿಕೊಂಡೇ ಇದ್ದರು. ಆಮೇಲೆ ಮಾರ್ಲೂಸಳ ತೋಳು ಮುಟ್ಟಿ, ಮೆಲ್ಲಗೆ ಕೇಳಿದರು:

"ಆ ಚೀಲ ಬಂದ ಊರಲ್ಲಿ ಎಷ್ಟು ಜನ ಸತ್ತರಂತೆ, ಮಗಳೇ?"