ಕೋಣೆಯಲ್ಲಿ ಒಬ್ಬರೇ ಇರಬೇಕು

ಟಿಕ್ ಎಂದು ಬೀಗ ಬಿತ್ತು. ಆ ಸರಿರಾತ್ರಿಯಲ್ಲಿ ಅಷ್ಟು ಸಣ್ಣ ಸದ್ದೂ ಗಲ್ಫಿನ ಅಲ್ ಅಮೇರಾತ್‌ನ ಆ ಫ್ಲ್ಯಾಟಿನ ತುಂಬ ಕೇಳಿತು. ತಪ್ಪಿಯೂ ಯಾರೂ ಒಳಗೆ ಹೋಗದಿರಲೆಂದು ಮಗಳ ಕೋಣೆಗೆ ಹೊರಗಿನಿಂದ ಕೀ ಹಾಕಿದ ರಸೀನಾ, ಅದನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲೆದುರಿನ ಕುರ್ಚಿಯಲ್ಲಿ ಕುಳಿತಳು. ಒಳಗೆ ಶಿಫಾನಾ ಲ್ಯಾಪ್‌ಟಾಪಿನ ಮುಂದೆ ನೆಟ್‌ವರ್ಕಿಂಗ್ ಸರ್ಟಿಫಿಕೇಟಿನ ಪರೀಕ್ಷೆ ಬರೆಯುತ್ತಿದ್ದಳು. ಯಾವುದೋ ದೇಶದಲ್ಲಿ ಕುಳಿತ ಹೆಂಗಸೊಬ್ಬಳು ಕ್ಯಾಮೆರಾದ ಮೂಲಕ ಅವಳ ಮೇಲೆ ಕಣ್ಣಿಟ್ಟಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇರಕೂಡದು, ಪರದೆಯಿಂದ ದೃಷ್ಟಿ ತೆಗೆಯಕೂಡದು. ಇಯರ್‌ಫೋನ್ ಇಲ್ಲವೆಂದು ಸ್ಕಾರ್ಫ್ ಸರಿಸಿ ಕಿವಿ ತೋರಿಸಬೇಕಾದ್ದರಿಂದ ಹೆಂಗಸೇ ಬೇಕೆಂದು ಶಿಫಾನಾ ಕೇಳಿಕೊಂಡಿದ್ದಳು. ಅದಕ್ಕೇ ಈ ಅಪವೇಳೆ ಸಿಕ್ಕಿತ್ತು.

"ಮೂರು ವರ್ಷದ ಡಿಗ್ರಿ ಒಂದೇ ರಾತ್ರಿಯಲ್ಲಿ! ಇದೆಂತ ಪರೋಟಾವಾ, ಬಿಸಿಬಿಸಿ ಪಾರ್ಸೆಲ್ ಕೊಡ್ಲಿಕ್ಕೆ?" ಎಂದು ಊಟದ ಹೊತ್ತಿಗೆ ಮಹ್ರೂಫ್ ಮಗಳನ್ನು ಕೆಣಕಿದ್ದ.

"ರುಸೈಲ್‌ನ ಕಂಪೆನಿಯವರಿಗೆ ಸರ್ಟಿಫಿಕೇಟ್ ಸಾಕಂತೆ ಉಪ್ಪ. ಪಾಸಾದ್ರೆ ಕೆಲ್ಸ."

"ಪಾಸಾದ್ರೆ ಖಲಾಸ್, ನಾನು ಡಿಗ್ರಿ ಸುದ್ದಿ ಎತ್ತುದಿಲ್ಲ. ಇಲ್ಲಾಂದ್ರೆ ಮಂಗಳೂರಿನ ಕಾಲೇಜು, ಹಾಸ್ಟೆಲು. ಮತ್ತೆ ಅಳ್ಬಾರ್ದು."

ರಸೀನಾ ತಟ್ಟೆಗಳನ್ನು ಎತ್ತಿಕೊಂಡು ಎದ್ದಿದ್ದಳು. ಅವಳ ಕಾಲೇಜು ಎರಡನೆಯ ವರ್ಷದಲ್ಲೇ ಮದುವೆಯಿಂದಾಗಿ ನಿಂತುಹೋಗಿತ್ತು.

ಈಗ ಕೋಣೆಯೊಳಗೆ ಲ್ಯಾಪ್‌ಟಾಪಿನ ಹೆಣ್ಣುದನಿ ಇಂಗ್ಲಿಷಿನಲ್ಲಿ ಹೇಳಿತು: "ನಿಮ್ಮ ಹಿಂದೆ ನಿಂತವರನ್ನು ಹೊರಗೆ ಕಳಿಸಿ."

"ನಾನೊಬ್ಬಳೇ ಇದ್ದೇನೆ ಮೇಡಂ."

"ನಿಮ್ಮ ಕಿವಿಯ ಹತ್ತಿರ ಬಾಗಿದ್ದಾರೆ. ತುಟಿ ಅಲ್ಲಾಡುತ್ತಿದೆ. ಕ್ಷಮಿಸಿ. ಪರೀಕ್ಷೆ ರದ್ದಾಗಿದೆ."

ರಸೀನಾ ಬೀಗ ತೆಗೆದು ಬಾಗಿಲು ತೆರೆದಳು. ಕಿಟಕಿ ಮುಚ್ಚಿತ್ತು, ಮಗಳನ್ನು ಬಿಟ್ಟು ಒಳಗೆ ಬೇರಾರೂ ಇರಲಿಲ್ಲ. ಮಗಳು ಹಿಂದೆ ತಿರುಗದೆ, ಕಪ್ಪಾದ ಪರದೆಯನ್ನೇ ನೋಡುತ್ತ ಕುಳಿತಿದ್ದಳು.

"ಉಸಿರು ತಾಗಿತು ಉಮ್ಮ, ಕಿವಿಗೆ. ತಿರುಗಿದ್ರೆ ಕ್ಯಾನ್ಸಲ್ ಮಾಡ್ತಾರೆ ಅಂತ ನಾನು ನೋಡ್ಲಿಲ್ಲ. ಕೀ ಇದ್ದದ್ದು ನಿಮ್ಮ ಹತ್ರ. ನೀವೇ ಅಲ್ವಾ? ಹೇಳಿ, ನೀವೇ ಅಲ್ವಾ?"

ಅದು ಸಿಟ್ಟಿನ ದನಿಯಲ್ಲ, ಅಂಗಲಾಚುವ ದನಿ.

"ಹೌದು ಮಗಳೇ, ನಾನೇ. ಪಾಸಾಗ್ಲಿ ಅಂತ ದುಆ ಓದಿ ಊದ್ಲಿಕ್ಕೆ ಬಂದದ್ದು. ತಡೀಲಿಕ್ಕೆ ಆಗ್ಲಿಲ್ಲ."

ಶಿಫಾನಾಳ ಮುಖಕ್ಕೆ ಜೀವ ಬಂತು. ಆಮೇಲೆ ಸಿಟ್ಟೂ ಬಂತು. "ಎಂತ ಮಾಡಿಬಿಟ್ರಿ! ಇನ್ನು ಕೆಲ್ಸವೂ ಇಲ್ಲ, ಎಂತದೂ ಇಲ್ಲ." ಗದ್ದಲಕ್ಕೆ ಎದ್ದು ಬಂದ ಮಹ್ರೂಫ್ ಎಲ್ಲ ಕೇಳಿ, "ನಿನಗೆ ಊದ್ಲಿಕ್ಕೆ ಬೇರೆ ಹೊತ್ತು ಸಿಗ್ಲಿಲ್ವಾ ಮಾರಾಯ್ತಿ?" ಎಂದ. ಮಂಗಳೂರಿಗೆ ಟಿಕೆಟ್ ನೋಡುತ್ತೇನೆ ಎಂದು ಗೊಣಗಿ ಮಲಗಲು ಹೋದ.

ಮಗಳು ಮೂಗೊರೆಸಿಕೊಳ್ಳುತ್ತ ಕೇಳಿದಳು: "ಅದೆಂತ ದುಆ ಉಮ್ಮ? ನನಗೆ ಕೇಳಿದ್ದು ಬರೀ 'ಬೇಡ, ಬೇಡ' ಅಂತ."

ಹೊರಗೆ ಕುಳಿತಷ್ಟು ಹೊತ್ತೂ ರಸೀನಾ ಮನಸ್ಸಿನೊಳಗೆ ಹೇಳಿಕೊಂಡದ್ದು ಅದೇ ಮಾತು: ಮಗಳು ಪಾಸಾಗುವುದು ಬೇಡ, ಬೇಡ. ಬಾಯಿ ಬಿಟ್ಟು ಒಮ್ಮೆಯೂ ಹೇಳಿರಲಿಲ್ಲ, ಕುಳಿತಲ್ಲಿಂದ ಎದ್ದೂ ಇರಲಿಲ್ಲ. ಇದನ್ನು ಯಾರಿಗೂ ಹೇಳಕೂಡದೆಂದು ನಿಶ್ಚಯಿಸಿ ಮಗಳನ್ನು ತಬ್ಬಿಕೊಳ್ಳಲು ಬಾಗಿದಳು. ಅವಳ ಕಿವಿಯ ಹತ್ತಿರ ಬರುತ್ತಿದ್ದಂತೆ ಉಸಿರು ಬಿಗಿಹಿಡಿದಳು.